ಅಟ್ಟದಿಂದ ಇಳಿಸಿದ ತೊಗರಿ

ವಿಪತ್ತು ಬರುವ ಮೊದಲೇ ಅದಕ್ಕೆ ಸಿದ್ಧನಾಗುವ ಗುಣವೇ ಮನುಷ್ಯನನ್ನು ಉಳಿದ ಪ್ರಾಣಿಗಳಿಂದ ಬೇರೆ ಮಾಡುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಸಿದ್ಧನಾದವನು ನಾನೊಬ್ಬನೇ. ಎಮ್ಮೆ ಯಾವ ಸಿದ್ಧತೆಯನ್ನೂ ಮಾಡಿಕೊಂಡಿರಲಿಲ್ಲ. ನೀರು ಬಂದ ದಿನ ಅದು ಎಲ್ಲರಿಗಿಂತ ಮೊದಲು ಶಾಲೆಯ ದಿಬ್ಬ ಹತ್ತಿ ಮೆಲುಕು ಹಾಕುತ್ತ ನಿಂತಿತ್ತು.

ನಮ್ಮದು ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಒಂದು ಹಳ್ಳಿ. ಮನೆ ಪೂರ್ತಿ ಶಹಾಬಾದಿ ಕಲ್ಲಿನದು. ಗೋಡೆ ಕಲ್ಲು, ನೆಲ ಕಲ್ಲು, ಗೂಡಿನ ಹಲಗೆ ಕಲ್ಲು, ಕೂಡುವ ಕಟ್ಟೆ ಕಲ್ಲು. ನನ್ನ ಹೆಂಡತಿಯೂ ಶಹಾಬಾದಿನ ಕಡೆಯವಳೇ ಆದ್ದರಿಂದ ಕಲ್ಲಿನ ಬಗ್ಗೆ ಯಾರಾದರೂ ಹಗುರಾಗಿ ಮಾತಾಡಿದರೆ ತವರಿನ ಮಾತು ಬಂತೆಂದು ಮುಖ ಗಂಟಿಕ್ಕುತ್ತಾಳೆ. ಮೂವತ್ತು ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಕಾಗದಕ್ಕೆ ಕಾಗದ ಹಚ್ಚಿದ ನಂತರ ನಾನು ಅವಳನ್ನು ಕರೆದುಕೊಂಡು ಈ ಮನೆಗೆ ಬಂದೆ. ಅಕ್ಕ ಮೊದಲಿಂದಲೂ ಇಲ್ಲೇ ಇದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅಂದಿನಿಂದ ಹೊಲ ಹಿಡಿದಿದ್ದಳು. ನಾವು ಬಂದಾಗ ಅವಳು ಕೇಳಿದ್ದು ಒಂದೇ ಮಾತು: "ಮನಿ ನಿಂದು, ಹೊಲ ನಿಂದು, ಎಲ್ಲಾ ನಿಂದೇ ತಮ್ಮಾ. ಅಟ್ಟಕ್ಕ ಮಾತ್ರ ಕೈ ಹಚ್ಚಬ್ಯಾಡ."

ಅಟ್ಟದ ಮೇಲೆ ಎರಡು ಗಡಿಗೆಗಳಿದ್ದವು. ಅವುಗಳೊಳಗೆ ಅವ್ವನ ತೊಗರಿ.

ಇದಕ್ಕೆ ಸ್ವಲ್ಪ ವಿವರ ಬೇಕು. ಅವ್ವ ಚಿಂಚೋಳಿ ಕಡೆಯ ಹಳ್ಳಿಯವಳು. ಮದುವೆಯಾಗಿ ಬರುವಾಗ ಅವಳ ತಾಯಿ ಉಡಿ ತುಂಬಿದ್ದು ಅಕ್ಕಿಯಿಂದಲ್ಲ, ತಮ್ಮ ಹೊಲದ ತೊಗರಿ ಬೀಜದಿಂದ. ಕಾಳು ಸಣ್ಣದು, ಕೆಂಪು ಮೈಮೇಲೆ ಕಂದು ಗೀರು, ಬೇಯಲು ಹೊತ್ತು ಹಿಡಿಯುತ್ತದೆ, ಬೆಂದ ಮೇಲೆ ಬೇಳೆಗೆ ಬೆಲ್ಲ ಹಾಕಿದರೇನೋ ಅನ್ನುವಂಥ ರುಚಿ. ಆ ತಳಿಗೆ ಏನಾದರೊಂದು ಹೆಸರು ಇದ್ದಿರಬೇಕು. ನಮ್ಮ ಮನೆಯಲ್ಲಿ ಅದು ಅವ್ವನ ತೊಗರಿ ಅಷ್ಟೆ. ಅಕ್ಕ ಒಂದು ಕಾಲಕ್ಕೆ ಊರಿನ ಹತ್ತು ಮನೆಗೆ ಆ ಬೀಜ ಹಂಚಿದ್ದಳು. ಅವರೆಲ್ಲ ಎರಡು ವರ್ಷ ಬಿತ್ತಿ, ಹೂವಿಗೆ ಬರಲು ತಡ ಮಾಡುತ್ತದೆಂದು ಬೈದು, ಉಳಿದ ಕಾಳನ್ನು ಬೇಯಿಸಿ ಉಂಡು, ಅಂಗಡಿಯ ಚೀಲದ ಬೀಜಕ್ಕೆ ಹೋದರು. ಕಡೆಗೆ ಅದು ಉಳಿದದ್ದು ಅಕ್ಕನ ಹತ್ತಿರ ಮಾತ್ರ. ಪ್ರತಿ ವರ್ಷ ನದಿಯ ಕಡೆಯ ಹೊಲದ ಒಂದು ಪಟ್ಟಿಯಲ್ಲಿ ಅದನ್ನು ಬಿತ್ತುವಳು. ಅದಕ್ಕೊಂದು ಕಟ್ಟಳೆ ಇತ್ತು, ಅವ್ವ ಹಾಕಿಕೊಟ್ಟದ್ದು: ಬೀಜ ಎಂದೂ ಪೂರ್ತಿ ಬಿತ್ತುವ ಹಾಗಿಲ್ಲ. ಅರ್ಧ ಹೊಲಕ್ಕೆ, ಅರ್ಧ ಅಟ್ಟಕ್ಕೆ. ಹೊಲ ಕೈಕೊಟ್ಟರೆ ಅಟ್ಟ, ಅಟ್ಟಕ್ಕೆ ಹುಳ ಬಿದ್ದರೆ ಹೊಲ. ಅಟ್ಟದ ಪಾಲನ್ನು ಬೂದಿ, ಬೇವಿನೆಲೆ ಬೆರೆಸಿ ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದಳು.

ಅಟ್ಟವೇ ಏಕೆ ಎಂಬುದಕ್ಕೆ ಉತ್ತರ ತಲೆಬಾಗಿಲಲ್ಲಿತ್ತು. ಬಲಗಡೆಯ ಕಲ್ಲಿನ ಮೇಲೆ ಎದೆಮಟ್ಟದಲ್ಲಿ ಉಳಿಯಿಂದ ಕೊರೆದ ಒಂದು ಅಡ್ಡಗೆರೆ. ನಮ್ಮ ಅಜ್ಜನ ಕಾಲದಲ್ಲಿ ಒಮ್ಮೆ ನದಿ ಮನೆಗೆ ಬಂದು ಅಲ್ಲಿಯವರೆಗೆ ನಿಂತಿತ್ತಂತೆ. ಅಜ್ಜ ಗೆರೆ ಕೊರೆಸಿ, ಅದಕ್ಕಿಂತ ಒಂದಾಳು ಮೇಲೆ ಅಟ್ಟ ಹಾಕಿಸಿದ. ನಾನು ಈ ಗೆರೆಗೆ ತುಂಬ ಗೌರವ ಕೊಡುತ್ತಿದ್ದೆ. ಬಣ್ಣ ಬಳಿಸುವಾಗಲೂ ಅದನ್ನು ಬಿಟ್ಟು ಬಳಿಸಿದ್ದೆ. ಗೌರವ ಕೊಡುವುದು ಬೇರೆ, ಅದು ಹೇಳಿದ್ದನ್ನು ಕೇಳುವುದು ಬೇರೆ.

ಹೀಗಿರುವಾಗ ಭೂಮಿ ಅಲುಗಾಡತೊಡಗಿತು.

ಮೊದಲು ಚಿಂಚೋಳಿ ಕಡೆಯಿಂದ ಸುದ್ದಿ ಬಂತು: ನೆಲದೊಳಗೆ ಗುಡುಗಿದ ಹಾಗೆ ಸದ್ದಾಗುತ್ತದೆ, ಪಾತ್ರೆ ಪಡಗ ನಡುಗುತ್ತವೆ, ಜನ ಮನೆ ಬಿಟ್ಟು ಅಂಗಳದಲ್ಲಿ ತಗಡಿನ ಷೆಡ್ಡು ಹಾಕಿಕೊಂಡಿದ್ದಾರೆ ಎಂದು. ನಮ್ಮೂರಲ್ಲಿ ಮೊದಮೊದಲು ಯಾರೂ ನಂಬಲಿಲ್ಲ. ಈ ಸೀಮೆಯಲ್ಲಿ ನೆಲ ನಡುಗುವುದು ಹೊಸತಲ್ಲ. ವಾಡಿ ಕಡೆಯವರಂತೂ ನಡುಗಿದ ಕೂಡಲೆ ಗಡಿಯಾರ ನೋಡುತ್ತಾರೆ; ಹೊತ್ತಿಗೆ ಸರಿಯಾಗಿದ್ದರೆ ಕಲ್ಲಿನ ಖಣಿಯಲ್ಲಿ ಮದ್ದು ಹಾರಿಸಿದ್ದು, ಹೊತ್ತು ತಪ್ಪಿದ್ದರೆ ಭೂಮಿ. ಒಂದು ದಿನ ನಾನು ಚಹ ಕುಡಿಯುತ್ತಿದ್ದಾಗ ಬಸಿಯ ಮೇಲೆ ಕಪ್ಪು ತನ್ನಷ್ಟಕ್ಕೆ ತಾನೇ ಕಟಕಟ ಎಂದಿತು. ಗಡಿಯಾರ ನೋಡಿದೆ. ಹೊತ್ತು ತಪ್ಪಿತ್ತು.

ಆಮೇಲೆ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಇದು ನಡೆಯಿತು. ಯಾರ ಮನೆಯೂ ಬೀಳಲಿಲ್ಲ. ಆದರೆ ಕಲ್ಲಿನ ಮನೆಯಲ್ಲಿ ಕೂತವನಿಗೆ ತಲೆಯ ಮೇಲೆ ಎಷ್ಟು ಕಲ್ಲಿದೆ ಎಂದು ಎಣಿಸುವ ಚಟ ಹತ್ತಿತು. ಆಗ ಒಬ್ಬ ಹೆಣ್ಣುಮಗಳು, ಸಣ್ಣ ವಯಸ್ಸಿನ ಅಧಿಕಾರಿ, ಶಾಲೆಯಲ್ಲಿ ಊರವರಿಗೆ ತರಬೇತಿ ಕೊಡಲು ಬಂದಳು. ಒಳ್ಳೆಯ ಹುಡುಗಿ. ಹೇಳಿದ್ದೆಲ್ಲ ಸರಿಯಾಗಿಯೇ ಹೇಳಿದಳು. ನಡುಗಿದರೆ ಗಾಬರಿಯಾಗದೆ ಬಯಲಿಗೆ ಬನ್ನಿ, ಗೋಡೆಯ ಹತ್ತಿರ ನಿಲ್ಲಬೇಡಿ, ನಡುಕ ನಿಂತ ಮೇಲೆ ತಕ್ಷಣ ಒಳಗೆ ಹೋಗಬೇಡಿ, ಭಾರದ ಸಾಮಾನು ಎತ್ತರದಲ್ಲಿ ಇಡಬೇಡಿ. ನಮ್ಮ ಮಗ್ಗುಲ ಮನೆಯ ಕಾಕಾ, ಎಂಬತ್ತರ ಹತ್ತಿರದವನು, ಎದ್ದು ನಿಲ್ಲದೆಯೇ ಒಂದು ಪ್ರಶ್ನೆ ಹಾಕಿದ.

"ಮೇಡಂ, ಬಯಲಿಗಿ ಓಡ್ರಿ ಅಂತೀರಿ. ನನ್ನ ಮಣಕಾಲು ಏಳಂಗಿಲ್ಲ ಅಂತಾವ. ಅದಕ್ಕೇನ್ ಇಲಾಜು?"

"ಹಾಗಿದ್ರೆ ಗಟ್ಟಿ ಮೇಜಿನ ಕೆಳಗೆ ಕೂತ್ಕೊಳ್ಳಿ, ಅಜ್ಜಾ."

"ಕುಂದ್ರತೀನಿ. ಆಮ್ಯಾಲ ಮೇಜಿನ ತೆಳಗಿಂದ ಏಳದು ಹ್ಯಾಂಗ?"

ಜನ ನಕ್ಕರು. ಆ ಹುಡುಗಿಯೂ ನಕ್ಕಳು. ಕಡೆಗೆ ಎಲ್ಲರಿಗೂ ಒಂದೊಂದು ದಪ್ಪ ಕಾಗದ ಹಂಚಿ, "ಮುಂದುಗಡೆ ಭೂಕಂಪದ ಬಗ್ಗೆ ಇದೆ, ಹಿಂದುಗಡೆ ಪ್ರವಾಹದ ಬಗ್ಗೆ ಇದೆ, ಮನೇಲಿ ಎರಡನ್ನೂ ಓದಿ" ಎಂದಳು. ಮೂವತ್ತು ವರ್ಷದ ಅಭ್ಯಾಸದಿಂದ ನಾನು ಆ ಕಾಗದವನ್ನು ನಾಲ್ಕು ಸಲ ಓದಿದೆ. ಮುಂದುಗಡೆ ಮಾತ್ರ.

ಸರ್ಕಾರಿ ಕಾಗದ ಬಂದರೆ ಅದನ್ನು ಗೋಡೆಗೆ ಹಚ್ಚಬೇಕು. ಇದು ನನ್ನ ನೌಕರಿಯ ಮೊದಲ ವಾರದಲ್ಲೇ ಕಲಿತದ್ದು. ಗೋಧಿ ಹಿಟ್ಟಿನ ಅಂಟು ಕಾಯಿಸಿ ಪಡಸಾಲೆಯ ಗೋಡೆಗೆ ಹಚ್ಚಲು ನಿಂತೆ. ಹೆಂಡತಿ ನೋಡುತ್ತಿದ್ದಳು.

"ಏನ್ರೀ, ಅದಕ್ಕ ಒಂದು ತೂತು ಹಾಕಿ ದಾರದಾಗ ತೂಗ ಹಾಕ್ರಿ. ಬೇಕಾದಾಗ ಹೊಳ್ಳಿಸಿ ಹಿಂದಿಂದೂ ಓದಬಹುದು."

"ಸರ್ಕಾರಿ ಕಾಗದ ಏನು ಕ್ಯಾಲೆಂಡರ್ ಅದನು, ತೂಗ ಹಾಕ್ಲಿಕ್ಕ?"

"ಹಂಗಾದ್ರ ಹಿಂದ ಬರ್ದಿದ್ದು ಗ್ವಾಡಿ ಓದ್ತದನು?"

"ನಮಗ ಈಗ ಬೇಕಾದದ್ದು ಮುಂದಿನದು," ಎಂದೆ. "ನದಿ ಅಜ್ಜನ ಕಾಲಕ್ಕ ಒಂದು ಸಲ ಬಂದದ. ಭೂಮಿ ವಾರಕ್ಕೊಮ್ಮಿ ಬರ್ಲಿಕತ್ತದ." ಈ ಲೆಕ್ಕ ನನಗೆ ಬಹಳ ಖುಷಿ ಕೊಟ್ಟಿತು. ಕಾಗದವನ್ನು ನಾಲ್ಕೂ ಮೂಲೆ ಒತ್ತಿ, ನಡುವೆ ಗುಳ್ಳೆ ಬರದಂತೆ ಬಟ್ಟೆಯಿಂದ ಉಜ್ಜಿ ಹಚ್ಚಿದೆ. ಪ್ರವಾಹದ ಮುಖ ಗೋಡೆಯ ಕಡೆಗಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಸಿದ್ಧತೆಯ ಆಳ್ವಿಕೆ ಆರಂಭವಾಯಿತು. ಒಂದು ಚೀಲದಲ್ಲಿ ಬ್ಯಾಟರಿ, ರೇಷನ್ ಕಾರ್ಡಿನ ನಕಲು, ಬಿ.ಪಿ. ಗುಳಿಗೆ, ಬಿಸ್ಕತ್ತು ತುಂಬಿಸಿ ಬಾಗಿಲ ಹಿಂದೆ ತೂಗಿದೆ. ಬಿಸ್ಕತ್ತನ್ನು ಮಾತ್ರ ಬೀಗರು ಬಂದಾಗಲೆಲ್ಲ ಹೆಂಡತಿ ಖಾಲಿ ಮಾಡುತ್ತಿದ್ದಳು. ಬೀಗರೂ ಒಂದು ಬಗೆಯ ತುರ್ತು ಎಂದು ಅವಳ ವಾದ. ಒಂದು ಸೀಟಿ ಕೊಂಡೆ. ತಿಂಗಳಿಗೊಮ್ಮೆ ನಾನು ಸೀಟಿ ಊದಿದರೆ ಮೂವರೂ ಮನೆಬಿಟ್ಟು ಹಿಂದಿನ ಕಣಕ್ಕೆ ಬಂದು ನಿಲ್ಲಬೇಕು. ಕಣ ನದಿಯ ಕಡೆಗೆ ಇಳಿಜಾರಾಗಿತ್ತು, ಆದರೆ ಬಯಲಾಗಿತ್ತು. ಅಕ್ಕ ಮೊರ ಹಿಡಿದುಕೊಂಡೇ ಬಂದು, ಅಲ್ಲೇ ನಿಂತು ಜೋಳ ಹಸನು ಮಾಡಿ, "ಆತೇನಪಾ ನಿಂದು?" ಎಂದು ಕೇಳಿ ಒಳಗೆ ಹೋಗುತ್ತಿದ್ದಳು. ಕಾಕಾ ತನ್ನ ಕಟ್ಟೆಯ ಮೇಲಿಂದ, "ಗುಮಾಸ್ತರ ಮನ್ಯಾಗ ಸಾಲಿ ಬಿಟ್ಟದ" ಎನ್ನುತ್ತಿದ್ದ.

ಉಳಿದದ್ದು ಅಟ್ಟ. ಕಾಗದದ ಐದನೆಯ ಸೂಚನೆ ಅದನ್ನೇ ಕುರಿತಿತ್ತು: ಭಾರದ ವಸ್ತುಗಳನ್ನು ನೆಲಮಟ್ಟಕ್ಕೆ ತರುವುದು. ನಾನು ಮಾತು ತೆಗೆದೆ.

"ಅವ್ವ ಅಲ್ಲಿ ಇಟ್ಟಾಳಂದ್ರ ಸುಮ್ನ ಇಟ್ಟಿಲ್ಲ, ತಮ್ಮಾ," ಅಂದಳು ಅಕ್ಕ.

"ಅವ್ವನ ಕಾಲಕ್ಕ ಭೂಮಿ ಹಿಂಗ ಅಲಗಾಡ್ತಿದ್ದಿಲ್ಲ ಅಕ್ಕಾ. ಗಡಿಗಿ ಬಿದ್ದು ಒಡದ್ರ ಬೀಜ ಮಣ್ಣಪಾಲು. ಕೆಳಗ ನೀ ನಿಂತಿದ್ರ ನೀನೂ."

"ನದಿ ಆಗೂ ಇತ್ತು, ಈಗೂ ಅದ."

"ನದಿ ಬರೂ ಮುಂಚೆ ಹೇಳಿ ಬರ್ತದ. ಮಳಿ ಬೀಳ್ತದ, ನೀರು ಏರ್ತದ, ಎಲ್ಲಾ ಕಾಣಸ್ತದ. ಎರಡು ಗಡಿಗಿ ಮ್ಯಾಲ ಇಡ್ಲಿಕ್ಕ ಎಷ್ಟೊತ್ತು ಬೇಕು? ಭೂಮಿ ಹೇಳಿ ಬರಂಗಿಲ್ಲ."

ಇದು ಕೂಡ ಒಳ್ಳೆಯ ವಾದವೇ. ಇವತ್ತಿಗೂ ಇದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಿಲ್ಲ. ಅಕ್ಕ ಮಾತ್ರ ಒಪ್ಪಲಿಲ್ಲ. ನನ್ನ ಪರವಾಗಿ ಕೊನೆಗೆ ಭೂಮಿಯೇ ಬಂದು ಸಾಕ್ಷಿ ಹೇಳಿತು. ಬೇಸಿಗೆಯ ಒಂದು ಮಧ್ಯಾಹ್ನ, ಅಕ್ಕ ಅಟ್ಟದ ಕೆಳಗೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾಗ, ಒಮ್ಮೆ ಗುಡುಗುಡು ಎಂದಿತು. ಅಟ್ಟದ ಅಂಚಿನಲ್ಲಿದ್ದ ಒಂದು ಖಾಲಿ ಗಡಿಗೆ, ಮುಂದಿನ ವರ್ಷಕ್ಕೆಂದು ತಂದಿಟ್ಟದ್ದು, ಉರುಳಿ ಅವಳಿಂದ ಮೊಳ ದೂರದಲ್ಲಿ ಬಿದ್ದು ಚೂರಾಯಿತು. ಅಕ್ಕ ಚೂರುಗಳನ್ನು ಒಂದೊಂದಾಗಿ ಮೊರಕ್ಕೆ ಆರಿಸಿ ಹಾಕಿದಳು. ಆಮೇಲೆ, "ಇಳಸು," ಎಂದಳು. "ಅವ್ವನ ಬೀಜ ನಿನ್ನ ಕೈಯಾಗ ಕೊಡ್ಲಿಕತ್ತೀನಿ. ನೆಪ್ಪಿಡು."

ನಾನು ಇಳಿಸಿದೆ. ಒಳಕೋಣೆಯ ಮೂಲೆಯಲ್ಲಿ, ಕಲ್ಲಿನ ಕಟ್ಟೆಯ ಕೆಳಗಿನ ಟೊಳ್ಳಿನಲ್ಲಿ, ಎರಡಕ್ಕೂ ಹುಲ್ಲಿನ ಸಿಂಬಿ ಮಾಡಿ ಕೂಡಿಸಿ, ಸುತ್ತ ಗೋಣಿ ತುರುಕಿ, ಹಾಸುಗಲ್ಲಿನ ಸಂದಿಗೆ ಗೂಟ ಹೊಡೆದು ಹಗ್ಗ ಬಿಗಿದೆ. ಮನೆ ಬಿದ್ದರೂ ಕಟ್ಟೆ ಅವುಗಳ ಮೇಲೆ ಛಾವಣಿಯಾಗಿ ನಿಲ್ಲುವಂತಿತ್ತು. ನನ್ನ ನೌಕರಿಯಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಮಾಡಿದ್ದು ನೆನಪಿಲ್ಲ. ಕಾಕಾನನ್ನು ಕರೆದು ತೋರಿಸಿದೆ. ಅವನು ಬಗ್ಗಿ ನೋಡಿ, "ಬರೋಬ್ಬರಿ ಆಗ್ಯಾದ. ಇನ್ನ ಭೂಮಿನ ಬಂದು ಇವಕ್ಕ ಕೈ ಮುಗೀಬೇಕು" ಎಂದ.

ಮುಂಗಾರಿನ ಮೊದಲಿಗೆ, ಮಿರಗದ ಮಳೆಗೆ, ಅಕ್ಕ ಅರ್ಧ ಪಾಲು ಬಿತ್ತಿದಳು. ಹೊಸದಾಗಿ ಬಾಯಿ ಮೆತ್ತಿದ ಎರಡು ಗಡಿಗೆಗಳಲ್ಲಿ ಉಳಿದರ್ಧ ಕಟ್ಟೆಯ ಕೆಳಗೇ ಕೂತಿತ್ತು.

ಮಳೆಗಾಲದ ಕೊನೆಗೆ ಉತ್ತರಿ ಮಳೆ ಹಿಡಿದದ್ದು ಬಿಡಲಿಲ್ಲ. ಮೂರು ದಿನ ಸತತ ಸುರಿಯಿತು. ಸೇಡಂ ಕಡೆಯ ದಾರಿಯಲ್ಲಿ ಸೇತುವೆಯ ಮೇಲೆ ನೀರು ಬಂದು ಬಸ್ಸು ನಿಂತಿತೆಂದು ಕೇಳಿದೆವು. ಎರಡನೆಯ ದಿನ ಅಕ್ಕ ನದಿ ನೋಡಿ ಬಂದು, "ಗಡಿಗಿ ಮ್ಯಾಲ ಇಡೂಣೇನು?" ಎಂದು ಕೇಳಿದಳು. ಅವತ್ತು ಮುಂಜಾನೆಯಷ್ಟೇ ಕಪ್ಪು-ಬಸಿ ಕಟಕಟ ಎಂದಿದ್ದವು. "ಎರಡೂ ಒಮ್ಮೆಲೆ ಬಂದ್ರ?" ಎಂದೆ ನಾನು. "ನೀರು ಕಣಕ್ಕ ಬರಲಿ ಅಕ್ಕಾ. ಬಂದ್ರ ಅರ್ಧ ತಾಸು ಸಿಗ್ತದ." ಅಕ್ಕ ಗಡಿಗೆ ಬಿಟ್ಟು ಒಲೆಯ ಕಡೆಗೆ ಹೋದಳು. ನನ್ನ ಅರ್ಧ ತಾಸಿನ ಮೇಲೆ ಅವಳಿಗೆ ನಂಬಿಕೆ ಬಂದದ್ದು ಅದೇ ಮೊದಲು.

ಮೂರನೆಯ ದಿನ ಮುಂಜಾನೆ ಚಹ ಮುಗಿದಿತ್ತು. ನದಿಯ ಕಡೆಯಿಂದ ಒಂದು ಸದ್ದು ಎದ್ದಿತು, ದೊಡ್ಡ ಗುಡುಗು, ನಿಲ್ಲದ ಗುಡುಗು. ಕಲ್ಲಿನ ಗೋಡೆಗೆ ಕೈಯಿಟ್ಟೆ. ಗೋಡೆ ಸಣ್ಣಗೆ ನಡುಗುತ್ತಿತ್ತು. ಒಂದು ವರ್ಷದಿಂದ ನಾನು ಈ ಗಳಿಗೆಗಾಗಿಯೇ ಸಿದ್ಧನಾಗಿದ್ದೆ. ಚೀಲ ಹೆಗಲಿಗೇರಿಸಿ ಸೀಟಿ ಊದಿದೆ. "ಹೊರಗ ನಡೀರಿ, ಭೂಮಿ, ಭೂಮಿ" ಎನ್ನುತ್ತ ಹೆಂಡತಿಯನ್ನೂ ಅಕ್ಕನನ್ನೂ ಕೈಹಿಡಿದು ಹಿಂಬಾಗಿಲಿಂದ ಕಣಕ್ಕೆ ಎಳೆದುಕೊಂಡು ಬಂದೆ. ಅಭ್ಯಾಸದಲ್ಲಿ ಎಂದೂ ಇಷ್ಟು ಬೇಗ ಬಂದಿರಲಿಲ್ಲ.

ಎಮ್ಮೆ ಗೂಟ ಕಿತ್ತುಕೊಂಡು ನಮ್ಮ ಎದುರಿಗೇ ಓಡಿ ಹೋಯಿತು. ಕಣಕ್ಕಲ್ಲ, ಶಾಲೆಯ ದಿಬ್ಬದ ಕಡೆಗೆ.

"ತಮ್ಮಾ, ಇದು ಭೂಮಿ ಸದ್ದಲ್ಲ," ಎಂದಳು ಅಕ್ಕ. "ನೀರಿನ ಸದ್ದು."

"ಸದ್ದು ಯಾವುದರ ಇರಲಿ, ಗ್ವಾಡಿ ನಡಗ್ಲಿಕತ್ತದ. ಇಲ್ಲೇ ನಿಂದ್ರು."

"ಒಳಗ ಹೋಗಿ ಗಡಿಗಿ ಮ್ಯಾಲ ಇಟ್ಟು ಬರ್ತೀನಿ."

"ನಡಗೂದು ನಿಲ್ಲೂತನ ಒಳಗ ಹೋಗೂದಿಲ್ಲ. ಕಾಗದದಾಗ ಬರ್ದದ."

ಹೀಗೆ ನಾನು ಅವಳನ್ನು ಅಲ್ಲಿ ನಿಲ್ಲಿಸಿಕೊಂಡೆ. ಎಷ್ಟು ಹೊತ್ತು ಎಂದು ಆಮೇಲೆ ಬಹಳ ಸಲ ಲೆಕ್ಕ ಹಾಕಿದ್ದೇನೆ. ಮಳೆಯಲ್ಲಿ ತೋಯುತ್ತ, ಗೋಡೆಯಿಂದ ನಿಗದಿಯಾದಷ್ಟು ದೂರದಲ್ಲಿ, ಮೂವರೂ ಸಾಲಾಗಿ ನಿಂತಿದ್ದೆವು. ಮನೆ ಬೀಳುವುದನ್ನು ಕಾಯುತ್ತಿದ್ದೆವು. ಮನೆ ಬೀಳಲಿಲ್ಲ. ಅಕ್ಕ ಎರಡು ಸಲ ಕೈ ಬಿಡಿಸಿಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. ನಾನು ಕೇಳಿಕೊಂಡಿದ್ದ ಅರ್ಧ ತಾಸು ನಮಗೆ ಸಿಕ್ಕಿತು. ನದಿ ಮಾತಿಗೆ ತಪ್ಪಲಿಲ್ಲ. ಅದನ್ನು ನಾವು ಕಣದಲ್ಲಿ ನಿಂತು ಕಳೆದೆವು.

ಕಾಕಾ ತನ್ನ ಮಾಳಿಗೆಯ ಮೇಲಿದ್ದ. ಮೊಣಕಾಲಿನವನು ಹೇಗೆ ಹತ್ತಿದನೋ ಗೊತ್ತಿಲ್ಲ. ಅಲ್ಲಿಂದ ಕೂಗಿದ: "ಏ ಗುಮಾಸ್ತಾ, ಅಲ್ಲೇನ್ ಜಾತ್ರಿ ನೋಡ್ಲಿಕತ್ತೀರಿ? ನದಿ ಒಡ್ಡು ಒಡದದ. ದಿಬ್ಬ ಹತ್ರಿ."

ತಿರುಗಿ ನೋಡಿದಾಗ ಕಣದ ತಗ್ಗಿನ ಅಂಚಿನಲ್ಲಿ ಕೆಂಪು ನೀರು ಹುಲ್ಲು, ಕಸ ಹೊತ್ತುಕೊಂಡು ಏರುತ್ತಿತ್ತು. ಅದು ನಮ್ಮ ಪಾದಕ್ಕೆ ಬಂತು, ನೋಡನೋಡುತ್ತ ಮೀನಖಂಡಕ್ಕೆ. ಮನೆಯ ಮುಂದಿನ ಓಣಿಯಲ್ಲಿ ಅದಾಗಲೇ ಹರಿಯುತ್ತಿತ್ತು. ಹಿಂಬಾಗಿಲ ಹೊಸ್ತಿಲು ದಾಟಿ ನಮ್ಮ ಚಪ್ಪಲಿಗಳು ಒಂದೊಂದಾಗಿ ಹೊರಗೆ ಬಂದವು. ಅಕ್ಕ ಆಗ ಕೈ ಕಿತ್ತುಕೊಂಡು ಬಾಗಿಲ ಕಡೆ ನಡೆದಳು. ನೀರು ಅವಳ ಮೊಣಕಾಲು ದಾಟಿತ್ತು, ಸೆಳೆತವಿತ್ತು, ಒಮ್ಮೆ ಜೋಲಿ ತಪ್ಪಿದಳು. ನಾನು ಒಂದು ತೋಳು, ಹೆಂಡತಿ ಒಂದು ತೋಳು ಹಿಡಿದೆವು.

"ಅಕ್ಕಾರ, ಜೀವ ಇದ್ರ ಬೀಜ. ಬರ್ರಿ," ಎಂದಳು ಹೆಂಡತಿ.

"ಎರಡೇ ಗಡಿಗಿ," ಎಂದಳು ಅಕ್ಕ. "ಬಿಡು ತಮ್ಮಾ. ಎರಡೇ ಗಡಿಗಿ ಅವ. ಹಿಂಗ ಹೋಗಿ ಹಂಗ ಬರ್ತೀನಿ."

ನಾವು ಬಿಡಲಿಲ್ಲ. ಅವಳನ್ನು ಹಿಂದಕ್ಕೆ ಎಳೆದುಕೊಂಡೇ ದಿಬ್ಬ ಹತ್ತಿದೆವು. ಮೇಲೆ ಎಮ್ಮೆ ಇತ್ತು.

ಎರಡು ದಿನ ಶಾಲೆಯಲ್ಲಿದ್ದೆವು. ಕಾಕಾನನ್ನು ಹುಡುಗರು ಮಾಳಿಗೆಯಿಂದ ಇಳಿಸಿ ತಂದರು. ಊರಲ್ಲಿ ಯಾರ ಜೀವಕ್ಕೂ ಏನೂ ಆಗಲಿಲ್ಲ. ಬ್ಯಾಟರಿ ಕೆಲಸ ಮಾಡಿತು. ಬಿಸ್ಕತ್ತು ಇರಲಿಲ್ಲ. ಅಕ್ಕ ಶಾಲೆಯ ಕಿಟಕಿಯ ಹತ್ತಿರ ಕೂತು, ನಮ್ಮ ಮನೆಯ ಮಾಳಿಗೆಯ ಅಂಚನ್ನು ನೋಡುತ್ತ, ಕೇಳಿದವರಿಗೆ ಕೇಳಿದಷ್ಟೇ ಉತ್ತರ ಕೊಡುತ್ತಿದ್ದಳು.

ನೀರು ಇಳಿದ ಮೇಲೆ ಮನೆಗೆ ಬಂದೆವು. ತಲೆಬಾಗಿಲಲ್ಲಿ ರಾಡಿಯ ಗುರುತು ಅಜ್ಜನ ಗೆರೆಗಿಂತ ಒಂದು ಗೇಣು ಕೆಳಗಿತ್ತು. ಅಟ್ಟ ಅದಕ್ಕಿಂತ ಎಷ್ಟೋ ಮೇಲೆ, ಬೆಚ್ಚಗೆ, ಒಣಗಿ ನಿಂತಿತ್ತು. ಏಣಿ ಹಾಕಿ ಹತ್ತಿ ನೋಡಿದೆ, ಏಕೆ ಹತ್ತಿದೆನೋ. ಹಳೆಯ ಬುಟ್ಟಿ, ಒಂದು ಮುರಿದ ಮೊರ, ಮತ್ತು ಧೂಳಿನಲ್ಲಿ ಎರಡು ದುಂಡು ಗುರುತು, ಗಡಿಗೆಗಳು ಕೂತಿದ್ದ ಜಾಗ.

ಒಳಕೋಣೆಯಲ್ಲಿ ಮೊಣಕಾಲುದ್ದ ರಾಡಿ. ಕಟ್ಟೆಯ ಕೆಳಗೆ ಗಡಿಗೆಗಳು ನಾನು ಕಟ್ಟಿದ ಹಾಗೆಯೇ ಇದ್ದವು. ಹಗ್ಗ ಸಡಿಲಾಗಿರಲಿಲ್ಲ, ಸಿಂಬಿ ಜಾರಿರಲಿಲ್ಲ, ಒಂದರಲ್ಲೂ ಬಿರುಕಿರಲಿಲ್ಲ. ಭೂಕಂಪದ ದೃಷ್ಟಿಯಿಂದ ನೋಡಿದರೆ ವ್ಯವಸ್ಥೆ ಸಂಪೂರ್ಣ ಯಶಸ್ವಿಯಾಗಿತ್ತು. ಬಾಯಿಗೆ ಮೆತ್ತಿದ ಸಗಣಿ ಮಾತ್ರ ಕರಗಿ ಹೋಗಿತ್ತು. ಅಕ್ಕ ಕೈ ಹಾಕಿದಳು. ಕಾಳು ಉಬ್ಬಿ, ಸಿಪ್ಪೆ ಬಿಟ್ಟು, ಬೂದಿಯೊಂದಿಗೆ ಹುದುಲಾಗಿ, ಹುಳಿ ವಾಸನೆ ಹೊಡೆಯುತ್ತಿತ್ತು. ಅವಳು ಒಂದು ಹಿಡಿ ತೆಗೆದು ನೋಡಿ ಮತ್ತೆ ಒಳಗೇ ಹಾಕಿ, ಕೈಯನ್ನು ಸೀರೆಗೆ ಒರೆಸಿಕೊಂಡಳು.

ಪಡಸಾಲೆಯ ಗೋಡೆಯಿಂದ ನನ್ನ ಕಾಗದ ಕಳಚಿ ರಾಡಿಯ ಮೇಲೆ ಬಿದ್ದಿತ್ತು, ಹಿಂದಿನ ಮುಖ ಮೇಲಾಗಿ. ಮೊದಲ ಸೂಚನೆಯನ್ನು ಅಂದು ಓದಿದೆ: ಮಳೆಗಾಲಕ್ಕೆ ಮುಂಚೆಯೇ ಧಾನ್ಯ, ಬೀಜ ಹಾಗೂ ದಾಖಲೆಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ. ಹೆಂಡತಿಯೂ ನನ್ನ ಹೆಗಲ ಮೇಲಿಂದ ಓದಿದಳು. ಕಾಗದ ಎತ್ತಿ, ಮಡಚಿ, ಒಲೆಯ ಮೂಲೆಯಲ್ಲಿ ಇಟ್ಟಳು.

ಹೊಲ ಇನ್ನೂ ಉಳಿದಿತ್ತು. ಅರ್ಧ ಅಟ್ಟಕ್ಕೆ, ಅರ್ಧ ಹೊಲಕ್ಕೆ. ಅವ್ವನ ಕಟ್ಟಳೆ ಇಂಥ ದಿನಕ್ಕೇ ಇದ್ದದ್ದು. ನಾನೂ ಅಕ್ಕನೂ ಮರುದಿನ ಹೋದೆವು. ನದಿಯ ಕಡೆಯ ಪಟ್ಟಿಯಲ್ಲಿ ನೀರು ಇನ್ನೂ ನಿಂತಿತ್ತು. ಸೊಂಟದೆತ್ತರ ಬೆಳೆದಿದ್ದ ತೊಗರಿ ತಲೆ ಜೋತು ಹಾಕಿತ್ತು. ವಾರದಲ್ಲಿ ಎಲೆ ಹಳದಿಯಾಯಿತು, ಎರಡು ವಾರದಲ್ಲಿ ಕಾಂಡ ಕಪ್ಪಾಯಿತು. ಹೊಲದ ಒಡ್ಡಿನ ಮೇಲೆ, ಬಿತ್ತುವಾಗ ಕೈಯಿಂದ ಜಾರಿ ಬಿದ್ದ ಕಾಳಿನಿಂದ ಹುಟ್ಟಿದ ಮೂರು ಗಿಡ ಮಾತ್ರ ಹಸಿರಾಗಿದ್ದವು. ಅಕ್ಕ ದಿನಾ ಹೋಗಿ ನೋಡುವಳು. ಸುತ್ತ ಮುಳ್ಳು ಹಚ್ಚಿದಳು. ದೀಪಾವಳಿಯ ಹೊತ್ತಿಗೆ ಅವುಗಳಲ್ಲಿ ಎರಡು ಸೊರಗಿದವು. ಮೂರನೆಯದು ಹೂ ಬಿಟ್ಟಿತು. ಒಂದು ಮುಂಜಾನೆ ಅದೂ ಬುಡದಿಂದ ಮೇಲಕ್ಕೆ ಒಣಗಿ ನಿಂತಿತ್ತು.

ಗಡಿಗೆಯಲ್ಲಿ ನಡುವೆ ಇದ್ದ ಕಾಳು ಕೆಟ್ಟಿರಲಿಕ್ಕಿಲ್ಲ ಎಂದು ಅಷ್ಟರಲ್ಲಿ ಹೆಂಡತಿ ಒಂದಷ್ಟು ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿದ್ದಳು. ಅಕ್ಕ ಅವನ್ನು ಒಂದು ಹಳೆಯ ಡಬ್ಬಿಯಲ್ಲಿ ಮಣ್ಣು ತುಂಬಿ ಊರಿದಳು. ನಾನು ದಿನಾ ಮುಂಜಾನೆ ಚಹಕ್ಕಿಂತ ಮೊದಲು ಡಬ್ಬಿ ನೋಡುತ್ತಿದ್ದೆ. ಹದಿನೈದು ದಿನದ ಮೇಲೆ ಒಂದು ಹಸಿರು ಮೊಳಕೆ ಎದ್ದಿತು. ಮೂವರೂ ಸುತ್ತ ಕೂತು ನೋಡಿದೆವು. ಎರಡೆಲೆ ಬಿಟ್ಟ ಮೇಲೆ ಅಕ್ಕ ಬಗ್ಗಿ ನೋಡಿ, "ಮೆಂತ್ಯ," ಎಂದಳು.

ಕೊನೆಗೆ ನಾನು ಚಿಂಚೋಳಿ ಬಸ್ಸು ಹತ್ತಿದೆ. ಅವ್ವನ ತವರಿನಲ್ಲಿ ಇನ್ನೂ ಸೋದರಮಾವನ ಸೊಸೆ ಇದ್ದಾಳೆ, ವಯಸ್ಸಾದವಳು. ಬೀಜ ಹೊರಟ ಮನೆಯಲ್ಲೇ ಬೀಜ ಸಿಗದಿದ್ದೀತೆ ಎಂಬುದು ನನ್ನ ಧೈರ್ಯ. ಅಂಗಳದ ತಗಡಿನ ಷೆಡ್ಡಿನಲ್ಲಿ ಚಾಪೆ ಹಾಸಿ, "ಕುಂದ್ರಿ, ಉಂಡು ಮಾತಾಡೂಣು" ಎಂದು ರೊಟ್ಟಿ, ಬೇಳೆ ಬಡಿಸಿದಳು. ಮೊದಲ ತುತ್ತಿನಲ್ಲೇ ಗೊತ್ತಾಯಿತು, ಅದು ಅಂಗಡಿಯ ಬೇಳೆ. ಆದರೂ ಬಂದ ಕಾರಣ ಹೇಳಿದೆ.

"ಅಯ್ಯ, ಆ ತೊಗರಿ ನಮ್ಮಲ್ಲಿ ಹೋಗಿ ಭಾಳ ವರ್ಷ ಆತು," ಎಂದಳು. "ನಿಮ್ಮ ಅಕ್ಕಾರ ಹತ್ರ ಅದಲ್ಲ ಅಂತ ನಾವು ಬೇಫಿಕರ್ ಇದ್ದಿವಿ. ಬರೂ ಮಿರಗಕ್ಕ ಒಂದು ಸೇರು ಕೇಳಿ ತರೂಣಂತ ಮನ್ನಿ ಮಾತಾಡಿದ್ದಿವಿ. ಹ್ಯಾಂಗದಾರ ಅಕ್ಕಾರು?"

"ಆರಾಮ್ ಅದಾಳ," ಎಂದೆ.

ಆ ಊರಲ್ಲಿ ಇನ್ನೂ ನಾಲ್ಕು ಮನೆ ಕೇಳಿದೆ. ಎಲ್ಲರಿಗೂ ಆ ತೊಗರಿಯ ರುಚಿ ನೆನಪಿತ್ತು. ಕಾಳು ಯಾರಲ್ಲೂ ಇರಲಿಲ್ಲ. ಬಸ್ಸಿಗೆ ಕಾಯುವಾಗ ನೆಲ ಒಮ್ಮೆ ಗುಡುಗಿತು. ನನ್ನ ಹತ್ತಿರ ಕೂತಿದ್ದವನು ಬೀಡಿ ಸೇದುವುದನ್ನು ನಿಲ್ಲಿಸಲಿಲ್ಲ.

ಹಾನಿ ಬರೆದುಕೊಳ್ಳಲು ಒಬ್ಬ ಹುಡುಗ ಮನೆಮನೆಗೆ ಬಂದ. ಅವನ ಹಾಳೆಯಲ್ಲಿ ಮನೆಗೊಂದು ಅಂಕಣ, ದನಕ್ಕೊಂದು ಅಂಕಣ, ನಿಂತ ಬೆಳೆಗೊಂದು ಅಂಕಣ ಇತ್ತು. ಅಕ್ಕ, "ಎರಡು ಗಡಿಗಿ ಬೀಜ" ಎಂದಳು. ಅವನು ಹಾಳೆಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿ ನನ್ನ ಮುಖ ನೋಡಿದ. ಅಂಥ ಅಂಕಣಗಳನ್ನು ನಾನೇ ಎಷ್ಟೋ ವರ್ಷ ಅಳತೆಪಟ್ಟಿ ಹಿಡಿದು ಎಳೆದವನು. ಗಡಿಗೆಗೆ ಜಾಗವಿಲ್ಲವೆಂದು ನನಗೆ ಗೊತ್ತಿತ್ತು. "ಬರೀಬ್ಯಾಡಪಾ," ಎಂದೆ. "ಮನಿ ಗಟ್ಟಿ ಅದ, ಎಮ್ಮಿ ಅದ, ಬೆಳಿ ಹೋಗ್ಯಾದ, ಅಷ್ಟ ಬರಿ."

ಅಕ್ಕ ನನ್ನನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ನಾನು ನನ್ನ ವಾದಗಳನ್ನು ಮತ್ತೊಮ್ಮೆ ಹೇಳಬಹುದಿತ್ತು; ಎಲ್ಲವೂ ಸರಿಯಾದ ವಾದಗಳೇ. ಯುಗಾದಿಗೆ ಮನೆ ತೊಳೆಯುವಾಗ ಅವಳು ಅಜ್ಜನ ಗೆರೆಯ ಕೆಳಗೆ ರಾಡಿಯ ಗುರುತನ್ನು ತೋರಿಸಿ, "ಇದನ್ನ ಒರಸಬ್ಯಾಡ. ಕಲ್ಲು ಕುಟಿಗರ ಬಂದಾಗ ಇಲ್ಲೊಂದು ಗೀರು ಹಾಕಸು" ಎಂದಳು. ಹಾಕಿಸಿದ್ದೇನೆ. ಈಗ ಎರಡು ಗೆರೆಗಳಿವೆ. ಬಂದವರು ಕೇಳುತ್ತಾರೆ, ನಾನು ವಿವರಿಸುತ್ತೇನೆ. ಕಾಗದವನ್ನು ಹೆಂಡತಿ ತೂತು ಹಾಕಿ, ದಾರ ಪೋಣಿಸಿ, ಬಾಗಿಲ ಹಿಂದೆ ತೂಗ ಹಾಕಿದ್ದಾಳೆ. ಗಾಳಿ ಬಂದರೆ ಅದು ತಾನಾಗಿಯೇ ಹೊರಳುತ್ತದೆ.

ಈ ವರ್ಷ ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಬಂತು. ಅಕ್ಕ ಸೇಡಂನ ಅಂಗಡಿಯಿಂದ ತರಿಸಿದ ಚೀಲದ ತೊಗರಿಯನ್ನು ನದಿಯ ಕಡೆಯ ಪಟ್ಟಿಗೆ ಬಿತ್ತಿದಳು. ಚೀಲ ಪೂರ್ತಿ ಖಾಲಿ ಮಾಡಿದಳು, ಅರ್ಧ ಇಟ್ಟುಕೊಳ್ಳಲಿಲ್ಲ.